ಜಂಬಣ್ಣ ಸರ್ ಅವರ ಹಾಜರಿ

ಸಿಂಧನೂರಿನ ನಮ್ಮ ಡಿಪ್ಲೊಮಾ ಕಾಲೇಜಿನ ಲ್ಯಾಬಿಗೆ ಜಂಬಣ್ಣ ಸರ್ ಬಂದರೆಂದರೆ ಮೊದಲು ಚಪ್ಪಲಿ ಹೊರಗೆ ಬಿಡುತ್ತಾರೆ, ಆಮೇಲೆ ಮೂಲೆಯ ಸರ್ವರ್ ಕಂಪ್ಯೂಟರಿಗೆ ಕೈಮುಗಿದು ಅದನ್ನು ಚಾಲೂ ಮಾಡುತ್ತಾರೆ. ಒಂದು ಕಂಪ್ಯೂಟರು ದೂರದ ಇನ್ನೊಂದನ್ನು ಕರೆದು ಕೆಲಸ ಮಾಡಿಸಿಕೊಳ್ಳುವುದು ಹೇಗೆಂಬುದೇ ಅವರ ಪಾಠ. ಗಡಿಬಿಡಿಯಲ್ಲಿ ಯಾರಾದರೂ ಸರ್ವರ್ ಏಳುವ ಮೊದಲೇ ಅದನ್ನು ಕರೆಯುವ ಕ್ಲೈಂಟ್ ಪ್ರೋಗ್ರಾಮು ಓಡಿಸಿ ಎರರ್ ತಂದುಕೊಂಡರೆ, “ಮನ್ಯಾಗ ಮಂದಿ ಇಲ್ದಾಗ ಹೊರಗ ನಿಂತು ಒದರಿದ್ರ ಓ ಅನ್ನವ್ರು ಯಾರಲೇ?” ಎಂದು ಬೈಯುತ್ತಾರೆ, ಬೈದ ಬಾಯಲ್ಲೇ “ಚಾ ಕುಡದು ಬಂದೀಯಿಲ್ಲೋ?” ಎಂದು ಕೇಳುತ್ತಾರೆ. ಪುಸ್ತಕದ ಮಾದರಿ ಪ್ರೋಗ್ರಾಮು ಎರಡು ಅಂಕಿ ಕೂಡಿಸುತ್ತದೆ. ಅವರದು ಹಾಜರಿ ಹಾಕುತ್ತದೆ. ನಾವು ಹೆಸರು ಟೈಪು ಮಾಡಿ ಕಳಿಸಿದರೆ ಸರ್ವರ್ ಅದನ್ನು ಪಟ್ಟಿಗೆ ಸೇರಿಸಿ, “ಓ ಶಿವಗಂಗಾ, ಕೇಳಿಸ್ತು, ಕುಂದ್ರು” ಎಂದು ನನ್ನ ಪರದೆಗೆ ಉತ್ತರ ಕಳಿಸುತ್ತದೆ. ಬೇರೆ ತರಗತಿಗಳಲ್ಲಿ ನನ್ನ ಹೆಸರು ಕೂಗಿದಾಗ ಈ ತೊದಲು ನಾಲಿಗೆ “ಪ್ರೆಸೆಂಟ್” ಎನ್ನುವಷ್ಟರಲ್ಲಿ ಮುಂದಿನ ಮೂರು ಹೆಸರು ದಾಟಿರುತ್ತಿದ್ದವು, ಹಿಂದಿನ ಬೆಂಚಿನಲ್ಲಿ ನಗು ಎದ್ದಿರುತ್ತಿತ್ತು. ಈ ಲ್ಯಾಬಿಗೆ ಮಾತ್ರ ನಾನು ಒಂದು ದಿನವೂ ಗೈರಾಗಲಿಲ್ಲ. ಕೋರ್ಸು ಮುಗಿದ ದಿನ ಅಟೆಂಡರ್ ಗದ್ದೆಪ್ಪ ಬೀಗ ಹಾಕುತ್ತಾ ಹೇಳಿದ: “ನೀ ಬರಾತನಕ ಸರ್ ಎಲ್ಲಾರಂಗ ಹೆಸರು ಕೂಗೇ ಹಾಜರಿ ತಗೋತಿದ್ರವ್ವಾ.”