ಮತ್ತೆ ಕಂಡ ನೆತ್ತರು

ಬಾಲಿಯ ಆ ಊರಿನಲ್ಲಿ ರೆನಿಂಗ್ ಎಂದರೆ ಕೈ ಮುಂದು, ಮಾತು ಹಿಂದು. ಗಂಡ ಬದುಕಿದ್ದಾಗ ಮನೆಯ ಅಕ್ಕಿ ಮಾರಿ ಕೋಳಿ ಅಂಕಕ್ಕೆ ಕಟ್ಟಿದನೆಂದು, ಗೆದ್ದು ಬಂದ ಹುಂಜದ ಕುತ್ತಿಗೆಯನ್ನೇ ತಿರುಚಿ, ಸಾರು ಮಾಡಿ ಅವನಿಗೇ ಬಡಿಸಿದವಳು.

ಇಂಥವಳು ತೆಪ್ಪಗಿರುತ್ತಿದ್ದದ್ದು ಗುಡಿಯ ಅಡುಗೆಮನೆಯಲ್ಲಿ ಮಾತ್ರ. ಮುಟ್ಟು ನಿಂತ ಹೆಂಗಸರಷ್ಟೇ ಅಲ್ಲಿ ದೇವರಿಗೆ ಅಕ್ಕಿಹಿಟ್ಟಿನ ಬೊಂಬೆ ಮಾಡಬಹುದು. ಬಾಳಿನಲ್ಲಿ ಯಾರಾದರೂ ಅವಳನ್ನು ಬೇಕೆಂದು ಆರಿಸಿದ್ದು ಅದೊಂದಕ್ಕೇ.

ಹಾಗಾಗಿ ಎಷ್ಟೋ ವರ್ಷದ ಮೇಲೆ ಮತ್ತೆ ನೆತ್ತರು ಕಂಡಾಗ ಅವಳು ರೋಗಕ್ಕೆ ಹೆದರಲಿಲ್ಲ, ಆ ಜಾಗ ಹೋಗುತ್ತದೆಂದು ಹೆದರಿದಳು. ಹಳೇ ಬಟ್ಟೆ ಕಟ್ಟಿಕೊಂಡು ಬಾಯಿಗೆ ಬೀಗ ಹಾಕಿದಳು.

ಹಬ್ಬದ ದಿನ ಗುಡಿಯೆದುರು ಹುಂಜಗಳ ಕಾಲಿಗೆ ಕತ್ತಿ ಕಟ್ಟುತ್ತಿದ್ದರು. ನೆಲಕ್ಕೆ ನೆತ್ತರು ಬೀಳದೆ ಪೂಜೆ ಮುಗಿಯುವುದಿಲ್ಲ. ಹುಂಜದ್ದಾದರೆ ಪೂಜೆ, ಹೆಂಗಸಿನದಾದರೆ ಮೈಲಿಗೆ. ಇದ್ಯಾವ ಸೀಮೆಯ ನ್ಯಾಯವೋ! ಒಳಗೆ ರೆನಿಂಗ್ ಎದ್ದು ನಿಂತಾಗ ಅವಳ ಬಿಳಿ ಬಟ್ಟೆಯ ಹಿಂಬದಿ ಕೆಂಪಾಗಿತ್ತು. ಅದು ಮೈದುನನ ಹೆಂಡತಿ ಸದ್ರಿಯ ಕಣ್ಣಿಗೆ ಬಿತ್ತು.

"ಮುಟ್ಟಾಗಿ ದೇವ್ರ ಹಿಟ್ಟು ಮುಟ್ಟಿದ್ಯಲ್ಲೇ! ಊರು ಹಾಳು ಮಾಡ್ಬೇಕು ಅಂತಿದ್ದೀಯಾ?"

ಸದ್ರಿ ಕೂದಲು ಹಿಡಿದೆಳೆದು ಸೌಟಿನಿಂದ ಬಾಯಿಗೆ ಬಾರಿಸಿದಳು. ತುಟಿ ಹರಿಯಿತು. ರೆನಿಂಗ್ ಅವಳ ಕೈ ಕಚ್ಚಿದಳು. ಬೊಂಬೆಗಳು ಕಾಲಡಿ ಪುಡಿಯಾದವು. ಎಲ್ಲರೂ ಸೇರಿ ದಬ್ಬಿದಾಗ ಅವಳು ಹೊರಗೆ ಹುಂಜಗಳ ನೆತ್ತರು ಬಿದ್ದ ಮಣ್ಣಿನ ಮೇಲೆ ಬಿದ್ದಳು. ಒಬ್ಬರೂ ಎತ್ತಲಿಲ್ಲ.

ತುಟಿ ಹೊಲಿಸಲೆಂದು ಮಗಳು ಸಂದತ್ ಸ್ಕೂಟರಿನಲ್ಲಿ ಆಸ್ಪತ್ರೆಗೆ ಒಯ್ದಳು. ನರ್ಸಮ್ಮ ಬಟ್ಟೆ ನೋಡಿ, "ಇದು ಬಾಯಿಂದ ಬಂದಿದ್ದಲ್ಲ ಅಜ್ಜಿ" ಎಂದಳು. ಪರೀಕ್ಷೆಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಂದು ಗೊತ್ತಾಯಿತು. ಗರ್ಭಕೋಶ ತೆಗೆದರು, ವಿಕಿರಣದ ಕರೆಂಟು ಕೊಟ್ಟರು.

"ಬೇಗ ಬಂದ್ರಿ, ಅದಕ್ಕೇ ಉಳಿದ್ರಿ" ಎಂದರು ಡಾಕ್ಟರು.

"ನಾನೆಲ್ಲಿ ಬಂದೆ? ಒದ್ದು ಕಳ್ಸಿದ್ರು."

ಆಮೇಲೂ ಹೊಟ್ಟೆ ಜಗ್ಗುತ್ತಿತ್ತು, ಉಚ್ಚೆ ಉರಿಯುತ್ತಿತ್ತು. ತಪಾಸಣೆಯ ದಿನ ಹತ್ತಿರವಾದರೆ ಕೈಗೆ ಸಿಕ್ಕಿದ್ದನ್ನು ಗೋಡೆಗೆ ಎಸೆಯುತ್ತಿದ್ದಳು. ಭಯಪಡುವುದಕ್ಕೆ ಅವಳಿಗೆ ಬೇರೆ ರೀತಿ ಗೊತ್ತಿರಲಿಲ್ಲ.

ಮುಂದಿನ ಹಬ್ಬಕ್ಕೆ ಪೂಜಾರಿ ತೀರ್ಥ ಚಿಮುಕಿಸಿ ಅವಳನ್ನು ಒಳಗೆ ಬಿಟ್ಟರು. ಗರ್ಭಕೋಶವೇ ಇಲ್ಲದವಳಿಗೆ ಇನ್ನೆಲ್ಲಿಯ ಮುಟ್ಟು? ಸದ್ರಿ ಹಿಟ್ಟು ತರುವುದಕ್ಕೂ ಏಳಲಿಲ್ಲ. ತೊಡೆ ಬಿಗಿದು ಕೂತೇ ಇದ್ದಳು. ಆ ಕೂರುವ ರೀತಿ ರೆನಿಂಗಳಿಗೆ ಚೆನ್ನಾಗಿ ಗೊತ್ತಿತ್ತು.

"ಯಾವಾಗಿಂದ ಕಾಣ್ತಿದೆ?"

ಸದ್ರಿಯ ಮುಖ ಬಿಳಿಚಿತು. "ದಮ್ಮಯ್ಯ ಅಕ್ಕ, ಹಬ್ಬ ಮುಗೀಲಿ. ಯಾರಿಗೂ ಹೇಳ್ಬೇಡ."

ರೆನಿಂಗ್ ಅವಳ ತುರುಬಿಗೆ ಕೈ ಹಾಕಿದಳು. ಸದ್ರಿ ಪರಚಿದಳು, ಒದ್ದಳು. ಒದೆ ಹೊಟ್ಟೆಯ ಹಳೇ ಹೊಲಿಗೆಯ ಮೇಲೇ ಬಿತ್ತು. ರೆನಿಂಗ್ ಬಿಡಲಿಲ್ಲ. ಊರೆಲ್ಲ ನೋಡುತ್ತಿದ್ದಂತೆ ಹುಂಜಗಳ ನಡುವೆಯೇ ಅವಳನ್ನು ದರದರ ಎಳೆದುಕೊಂಡು ಹೋದಳು.

"ಹೊಡಿ, ಇನ್ನೂ ಹೊಡಿ! ಆಸ್ಪತ್ರೆ ಬರೋವರ್ಗೂ ಹೊಡೀತಾನೇ ಬಾ, ಮುಂಡೇದೇ. ಮೊದ್ಲು ಗಾಡಿ ಹತ್ತು!"

ಸಂದತ್ ಸ್ಕೂಟರ್ ಚಾಲೂ ಮಾಡಿದಳು. ಸದ್ರಿಯನ್ನು ನಡುವೆ ಸಿಕ್ಕಿಸಿ ರೆನಿಂಗ್ ಹಿಂದೆ ಹತ್ತಿದಳು. ತುರುಬು ಇನ್ನೂ ಅವಳ ಕೈಯಲ್ಲೇ ಇತ್ತು.