ಮಗುವಿನ ತಲೆಯ ಸಾಂಬ್ರಾಣಿ ವಾಸನೆ

1997ರ ಜುಲೈ ತಿಂಗಳ ಒಂದು ಬುಧವಾರ, ಬಸವನಗುಡಿಯ ಒಂದು ಖಾಸಗಿ ಆಸ್ಪತ್ರೆಯವರು ನನ್ನ ಹೆಂಡತಿಯ ಮೇಲೆ ಆರೋಪ ಹೊರಿಸಿದರು. ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಕದ್ದು ನುಗ್ಗಿ ಅವಳು ನಮ್ಮ ಮಗುವನ್ನು ಎತ್ತಿಕೊಂಡಿದ್ದಾಳೆ ಎಂಬುದು ಆ ಆರೋಪ. ಆ ಮಧ್ಯಾಹ್ನ ಅವಳು ವೈಯಾಲಿಕಾವಲ್‌ನ ತವರುಮನೆಯಲ್ಲಿದ್ದಳು.

ಪತ್ರಿಕಾ ಕಚೇರಿಯಲ್ಲಿ ಕೆಲಸ ಮಾಡುವ ನಾನು ಅಲ್ಲಿಯವರೆಗೆ ಇಂಥ ಸಂಗತಿಗಳನ್ನು ನಂಬಿದವನಲ್ಲ. ಓದುಗರು ಬರೆದು ಕಳಿಸುತ್ತಿದ್ದ ಇಂಥ ಅನುಭವಗಳನ್ನು ಅರ್ಧಕ್ಕೇ ಓದಿ ಬದಿಗಿಡುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ನನಗೆ ಗೊತ್ತಿರುವುದನ್ನಷ್ಟೇ ಹೇಳುತ್ತೇನೆ.

ಮಗಳು ತಿಂಗಳು ತುಂಬುವ ಮೊದಲೇ, ಆಪರೇಷನ್‌ ಮೂಲಕ ಹುಟ್ಟಿದ್ದಳು. ಹುಟ್ಟಿದ ಕೂಡಲೇ ಒಳಗೆ ಒಯ್ದರು. ತಾಯಿ ಅವಳನ್ನು ಮುಟ್ಟಲೇ ಇಲ್ಲ. ಹೊಲಿಗೆ ಬಿಚ್ಚಿದ ಮೇಲೆ, ಹಾಸಿಗೆ ಬೇರೆಯವರಿಗೆ ಬೇಕೆಂದು ತಾಯಿಯನ್ನು ಮನೆಗೆ ಕಳಿಸಿದರು. ಮಗು ಅಲ್ಲೇ ಉಳಿಯಿತು. ನಿಯಮದ ಪ್ರಕಾರ ಹೆತ್ತವರಲ್ಲಿ ಒಬ್ಬರು, ಸಂಜೆ ಅರ್ಧ ಗಂಟೆ, ಗಾಜಿನ ಆಚೆಯಿಂದ ನೋಡಬಹುದು. ಒಂದು ಸಂಜೆ ಹೊಟ್ಟೆ ಹಿಡಿದುಕೊಂಡು ಆಟೋದಲ್ಲಿ ಹೊರಟ ಅವಳು ಮೆಜೆಸ್ಟಿಕ್ಕಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಳು. “ಟೈಮ್ ಆಯ್ತಮ್ಮ, ನಾಳೆ ಬನ್ನಿ,” ಎಂದು ಬಾಗಿಲಲ್ಲೇ ವಾಪಸ್ ಕಳಿಸಿದರು. ಸೋಂಕಿನ ಭಯವಂತೆ. ಸೋಂಕು ಸುಳ್ಳಲ್ಲ. ಆದರೆ ಅದೇ ವಾರ, ಹೊಸ ಯಂತ್ರ ನೋಡಲು ಬಂದ ಆಡಳಿತ ಮಂಡಳಿಯ ಅತಿಥಿಗಳು ಕೊರಳಲ್ಲಿ ಹಾರದ ಸಮೇತ ಒಳಗೆಲ್ಲ ಸುತ್ತಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆ ಬುಧವಾರ ಬೆಳಿಗ್ಗೆ ಡಾಕ್ಟರು, ಮಗುವಿನ ಉಸಿರು ಆಗಾಗ ನಿಲ್ಲುತ್ತಿದೆ, ಇವತ್ತು ಕಳೆದರೆ ಮುಂದಿನ ಮಾತು ಎಂದರು. ಹಾಗಾದರೆ ತಾಯಿ ಒಮ್ಮೆ ಮುಟ್ಟಲಿ ಎಂದು ಕೇಳಿದೆ. ನಿಯಮ ಎಲ್ಲರಿಗೂ ಒಂದೇ ಎಂದರು. ಘಟಕಕ್ಕೆ ಇದ್ದದ್ದು ಒಂದೇ ಬಾಗಿಲು. ಅದರೆದುರಿನ ಬೆಂಚಿನಲ್ಲಿ ಕೂತೆ, ಏಳಲಿಲ್ಲ.

ಮಧ್ಯಾಹ್ನ ಸಿಸ್ಟರ್ ಸಿಡುಕುತ್ತ ಹೊರಗೆ ಬಂದರು.

“ಏನ್ ಸಾರ್, ಓದ್ದೋರೇ ಹಿಂಗ್ ಮಾಡಿದ್ರೆ ಹೆಂಗೆ? ನಿಮ್ಮ ಮಿಸೆಸ್ ಒಳಗೆ ಬಂದಿದ್ರಲ್ಲ?”

“ಅವಳು ಮನೇಲಿದಾಳೆ ಸಿಸ್ಟರ್. ನಾನು ಇಲ್ಲೇ ಕೂತಿದೀನಲ್ಲ.”

“ಮತ್ತೆ ಮಗು ತಲೆ ಘಂ ಅಂತಿದೆ? ನಾವೇನು ಒಳಗೆ ಸಾಂಬ್ರಾಣಿ ಹಾಕ್ಕೊಂಡು ಭಜನೆ ಮಾಡ್ತಿದೀವಾ?”

ಆರೋಪಕ್ಕೆ ಸಾಕ್ಷಿ ಬೇಕಿತ್ತು. ಅದಕ್ಕಾಗಿ, ಅದುವರೆಗೆ ಬಿಡದಿದ್ದ ನನ್ನನ್ನು ಕೈ ತೊಳೆಸಿ, ಗೌನ್ ತೊಡಿಸಿ ಒಳಗೆ ಕರೆದರು. ಮಗುವನ್ನು ಮಲಗಿಸಿದ್ದ ಇನ್‌ಕ್ಯುಬೇಟರ್ ಪೆಟ್ಟಿಗೆಯ ಕಿಂಡಿಯ ಹತ್ತಿರ ಮುಖ ತಂದೆ. ಸಾಂಬ್ರಾಣಿ, ಅದರ ಜೊತೆಗೆ ಸೀಗೆಕಾಯಿ. ಬಾಣಂತಿಯ ಕೂದಲಿನ ವಾಸನೆ. ಪಕ್ಕದ ಪೆಟ್ಟಿಗೆಗಳ ಬಳಿ ಸ್ಪಿರಿಟ್ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಹೊರಗಿನ ಬಟ್ಟೆಯನ್ನು ಅವರು ಒಳಗೆ ಬಿಡುತ್ತಿರಲಿಲ್ಲ. ನಾನು ಬಂದದ್ದು ಚಾಮರಾಜಪೇಟೆಯ ನಮ್ಮ ಮನೆಯಿಂದ. ಭಾನುವಾರದಿಂದ ವೈಯಾಲಿಕಾವಲ್ ಕಡೆ ಹೋಗಿರಲಿಲ್ಲ. ಮಗು ಸರಾಗವಾಗಿ ಉಸಿರಾಡುತ್ತಿತ್ತು.

ಕೆಳಗಿನ ಬೂತಿನಿಂದ ಫೋನ್ ಮಾಡಿದೆ. ಅತ್ತೆ ಮಾತಾಡಿದರು. ಆರೋಪ ಹೇಳಿದೆ.

“ಈಗ ತಾನೇ ತಲೆಗೆ ನೀರು ಹಾಕಿ, ಹೊಗೆ ಬುಟ್ಟಿ ಮೇಲೆ ಕೂದ್ಲು ಹರಡಿ ಮಲಗ್ಸಿದೀನಿ. ಬಚ್ಚಲಿಗೆ ಹೋಗೋಕೇ ನನ್ನ ಭುಜ ಬೇಕು ಅವಳಿಗೆ. ಬಸವನಗುಡಿಗೆ ಹಾರ್ಕೊಂಡು ಬಂದ್ಲಂತಾ?”

ಇದನ್ನು ಹೇಳಿದರೆ ಡಾಕ್ಟರು ನಂಬಲಿಲ್ಲ. ಶಿಕ್ಷೆಯೆಂದು ತಾಯಿಗೆ ಸಂಜೆಯ ಆ ಅರ್ಧ ಗಂಟೆಯನ್ನೂ ನಿಲ್ಲಿಸಿದರು. ಹೆತ್ತವಳನ್ನು ಕಳ್ಳಿಯೆಂದು ಕರೆಯಲು ಅವರಿಗೆ ಒಂದು ವಾಸನೆ ಸಾಕಾಯಿತು.

ಉಸಿರಿನ ತೊಂದರೆ ಮತ್ತೆ ಬರಲಿಲ್ಲ. ಔಷಧಿಯಿಂದ ಎಂದರು, ಇರಬಹುದು. ವಾಸನೆಗೆ ಅವರು ಕೊಟ್ಟ ಕಾರಣ ಸುಳ್ಳು. ಬೇರೆ ಕಾರಣ ನನಗೆ ಇಷ್ಟು ವರ್ಷಗಳಾದರೂ ಸಿಕ್ಕಿಲ್ಲ. ಆ ಮಧ್ಯಾಹ್ನದ ಬಗ್ಗೆ ಹೆಂಡತಿಯನ್ನು ಒಮ್ಮೆ ಕೇಳಿದ್ದೆ.

“ಚೆನ್ನಾಗಿ ನಿದ್ದೆ ಬಂದಿತ್ತು ಕಣ್ರೀ,” ಎಂದಳು. ಆಮೇಲೆ, “ಮಧ್ಯೆ ಗಾಜು ಇರ್ಲಿಲ್ಲ,” ಎಂದಳು.

ಅವಳು ಮಗಳನ್ನು ಮೊದಲ ಸಲ ಮುಟ್ಟಿದ್ದು ಮಗುವನ್ನು ಮನೆಗೆ ಕಳಿಸಿದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ. ಆಸ್ಪತ್ರೆಯವರ ಪ್ರಕಾರ ಅದು ಎರಡನೆಯ ಸಲ.