ಮಸಿಯತ್ತೆಯ ಮಳೆಬೀದಿ

ಆ ಬೀದಿಯವರಿಗೆಲ್ಲ ಅವಳು ಮಸಿಯತ್ತೆ. ಮದುವೆಯಾಗಿ ಬಂದ ವಾರದಲ್ಲೇ ಗಂಡನ ಅಚ್ಚಿನ ಯಂತ್ರಕ್ಕೆ ಕೈಹಚ್ಚಿದವಳು; ಅಂದು ಉಗುರಿಗೆ ಹತ್ತಿದ ಕಪ್ಪು ಯಾವ ಸೋಪಿಗೂ ಜಗ್ಗಲಿಲ್ಲ. ಗಂಡ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವುದು, ಇವಳು ಅದಕ್ಕೆ ಮಸಿ ತುಂಬಿ, ಒರೆಸಿ, ಕಾಗದಕ್ಕೆ ಇಳಿಸುವುದು. ಮಾತಿಗಿಂತ ಯಂತ್ರದ ಕಿರುಗುಟ್ಟುವಿಕೆಯೇ ಹೆಚ್ಚಿದ್ದ ಸಂಸಾರ, ಆದರೆ ಸುಖವಾಗಿತ್ತು.

ಅವನ ಕೊನೆಯ ತಗಡಿನಲ್ಲಿ ಇದ್ದದ್ದು ಕಿಟಕಿಯಾಚೆಯ ಬೀದಿಯೇ, ಮಳೆಯಲ್ಲಿ. ಮನೆಗಳು, ದೀಪದ ಕಂಬ, ನೀರು ನಿಂತ ಕಲ್ಲುಹಾಸು, ಎಲ್ಲದರ ಗೆರೆಗಳನ್ನೂ ಆಸಿಡ್ ತಾಮ್ರವನ್ನು ತಿಂದು ಆಳವಾಗಿ ಕೊರೆದಿತ್ತು. "ಬೀದಿಯೇನೋ ಬಂತು, ನೀವೆಲ್ಲಿ?" ಎಂದು ಇವಳು ಛೇಡಿಸಿದಳು. ಅವನು ನಕ್ಕು, ಬರೀ ಸೂಜಿಯಿಂದ ಮೇಲುಮೇಲೆ ಗೀಚಿ, ಕೊಡೆ ಹಿಡಿದು ಹೋಗುತ್ತಿರುವ ತನ್ನನ್ನೇ ಬರೆದ.

ಆಸಿಡ್ ತಿಂದ ಗೆರೆ ಬಾಳುತ್ತದೆ. ಸೂಜಿಯ ಗೀರು ಒಂದೊಂದು ಅಚ್ಚಿಗೂ ಸವೆಯುತ್ತದೆ. ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಅವನು ತೀರಿಕೊಂಡ ಮೇಲೆ, ಕಪ್ಪಗೆ ಮೂಡಿದ್ದ ಮೊದಲ ಪ್ರತಿಗಳನ್ನೆಲ್ಲ ಮಾರಿಬಿಟ್ಟಳು. ತಗಡು ಮನೆಯಲ್ಲಿದ್ದರೆ ಅವನೂ ಮನೆಯಲ್ಲಿದ್ದ ಹಾಗೆ ಎಂದುಕೊಂಡಿದ್ದಳು, ಪಾಪ. ಅಚ್ಚಿನಿಂದ ಅಚ್ಚಿಗೆ ಅವನ ಕಾಲು ಹೋಯಿತು, ಬೆನ್ನು ಹೋಯಿತು. ಕೊಳ್ಳುವವರು ಮಾತ್ರ ಮನುಷ್ಯ ಮಳೆಯಲ್ಲಿ ಕರಗುವ ಸಂಕೇತ ಎಷ್ಟು ಚೆನ್ನಾಗಿದೆ ಎಂದು ತಲೆದೂಗುತ್ತಿದ್ದರು.

ಈಗ ಉಳಿದದ್ದು ಗಾಳಿಯಲ್ಲಿ ತೇಲುವ ಕೊಡೆಯೊಂದೇ. ಅಂಗಡಿ ನೋಡಿಕೊಳ್ಳುವ ಮಗಳು ಮೆಲ್ಲಗೆ ಅಂದಳು: "ಅಮ್ಮಾ, ಇನ್ನೊಂದು ಪ್ರತಿ ಕೇಳ್ತಿದ್ದಾರೆ. ತೆಗೆದ್ರೆ ಅಪ್ಪನ ಕೊಡೆನೂ ಹೋಗುತ್ತೇನೋ. ಇಲ್ಲ ಅಂದುಬಿಡ್ಲಾ?"

ಮಸಿಯತ್ತೆ ತಗಡನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತಳು. ಹೊರಗೆ ಸೋನೆ ಹಿಡಿದಿತ್ತು. ನೋಡುತ್ತ ನೋಡುತ್ತ ಯಾವುದು ತಗಡಿನ ಬೀದಿ, ಯಾವುದು ಹೊರಗಿನದು ಎಂಬುದೇ ಮಸುಕಾಯಿತು. ಬಹಳ ಹೊತ್ತಿನ ಮೇಲೆ ಗಂಡನ ಸೂಜಿ ಎತ್ತಿಕೊಂಡು ಕೊಡೆಯ ಕೆಳಗೆ ಗೀಚತೊಡಗಿದಳು. ಹುಟ್ಟಿದಾಗಿನಿಂದ ಒಂದೂ ಚಿತ್ರ ಬರೆದವಳಲ್ಲ!

ಮಸಿ ತುಂಬಿ ಕಾಗದಕ್ಕೆ ಇಳಿಸಿದಾಗ ಕೊಡೆ ಇನ್ನೂ ನೂಲಿನೆಳೆಯಷ್ಟು ಉಳಿದಿತ್ತು. ಅದರಡಿ ಸೊಟ್ಟ ಬೆನ್ನಿನ, ಗಿಡ್ಡ ಕಾಲಿನ ಹೆಂಗಸೊಬ್ಬಳು ಕಪ್ಪಗೆ ಮೂಡಿದ್ದಳು. ಒಂದು ಪಕ್ಕಕ್ಕೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ನಡೆಯುತ್ತಿದ್ದಳು.

ಮಗಳು ಪ್ರತಿಯನ್ನು ಬೆಳಕಿಗೆ ಹಿಡಿದಳು. "ಇವಳೂ ಸವೆದು ಹೋಗ್ತಾಳಲ್ಲಮ್ಮ."

"ಹೋಗ್ಲಿ ಬಿಡೇ. ಆ ಮಳೇಲಿ ಅವರೊಬ್ಬರನ್ನೇ ಕಳಿಸೋಕೆ ನಂಗೆ ಮನಸ್ಸಾಗಲಿಲ್ಲ."